ಮುನ್ನೂರ ಅರವತ್ತಾರನೇ ದಿನದ ಪಾಠ

2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್ ಕಂಪನಿಯ ಝೂನ್ ಎಂಬ ಮ್ಯೂಸಿಕ್ ಪ್ಲೇಯರ್‌ಗಳು ಸಾಲುಸಾಲಾಗಿ ಕೈಕೊಟ್ಟವು. ಕೆಟ್ಟದ್ದು 30 ಗಿಗಾಬೈಟ್‌ನ ಮಾದರಿ ಮಾತ್ರ. ಆನ್ ಮಾಡಿದರೆ ಆರಂಭದ ಪರದೆ ಬಂದು ಅಲ್ಲಿಗೇ ನಿಲ್ಲುತ್ತಿತ್ತು, ಯಾವ ಗುಂಡಿ ಒತ್ತಿದರೂ ಅಲುಗುತ್ತಿರಲಿಲ್ಲ. ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಡಿ, ಗ್ರೀನಿಚ್ ಸಮಯದ ಪ್ರಕಾರ ಜನವರಿ 1ರ ಮಧ್ಯಾಹ್ನ ಕಳೆದ ಮೇಲೆ ಮತ್ತೆ ಆನ್ ಮಾಡಿ ಎಂದು ಕಂಪನಿ ಹೇಳಿತು. ಹಾಗೆ ಮಾಡಿದ ಮೇಲೆ ಪ್ಲೇಯರ್‌ಗಳು ಮೊದಲಿನಂತೆ ಹಾಡತೊಡಗಿದವು. ಯಾರೂ ರಿಪೇರಿ ಮಾಡಿರಲಿಲ್ಲ, ಹೊಸ ಸಾಫ್ಟ್‌ವೇರ್ ಹಾಕಿರಲಿಲ್ಲ. ದಿನ ಬದಲಾಗಿತ್ತು, ಅಷ್ಟೇ.

ಕಾರಣ ಹುಡುಕಿದಾಗ ಸಿಕ್ಕಿದ್ದು ಗಡಿಯಾರದ ಚಿಪ್‌ಗೆ ಸಂಬಂಧಿಸಿದ ಒಂದು ಪುಟ್ಟ ಫಂಕ್ಷನ್. ಈ ಚಿಪ್‌ಗೆ ವರ್ಷ, ತಿಂಗಳು ಗೊತ್ತಿಲ್ಲ. 1980ರ ಜನವರಿ 1ರಿಂದ ಹಿಡಿದು ಇದು ಎಷ್ಟನೇ ದಿನ ಎಂಬ ಒಂದು ಸಂಖ್ಯೆಯನ್ನಷ್ಟೇ ಅದು ಇಟ್ಟುಕೊಂಡಿರುತ್ತದೆ. ಆ ಸಂಖ್ಯೆಯಿಂದ ವರ್ಷವನ್ನು ಕಂಡುಹಿಡಿಯುವುದು ಫಂಕ್ಷನ್‌ನ ಕೆಲಸ. ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದನ್ನು ಕನ್ನಡದಲ್ಲಿ ಹೇಳಿದರೆ ಅದು ಹೀಗಿತ್ತು:

ದಿನಗಳ ಸಂಖ್ಯೆ 365ಕ್ಕಿಂತ ಹೆಚ್ಚಿರುವ ತನಕ ಮುಂದಿನದನ್ನು ಮಾಡುತ್ತಿರು.
ಈ ವರ್ಷ ಅಧಿಕ ವರ್ಷವಾಗಿದ್ದರೆ: ದಿನಗಳು 366ಕ್ಕಿಂತ ಹೆಚ್ಚಿದ್ದಲ್ಲಿ 366 ಕಳೆ, ವರ್ಷಕ್ಕೆ 1 ಕೂಡು.
ಅಧಿಕ ವರ್ಷವಲ್ಲದಿದ್ದರೆ: 365 ಕಳೆ, ವರ್ಷಕ್ಕೆ 1 ಕೂಡು.

ಮೇಲುನೋಟಕ್ಕೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಈಗ 2008ರ ಕೊನೆಯ ದಿನವನ್ನು ಇದಕ್ಕೆ ಕೊಟ್ಟು ನೋಡಿ. ಹಿಂದಿನ ವರ್ಷಗಳನ್ನೆಲ್ಲ ಕಳೆಯುತ್ತ ಬಂದು ಕೊನೆಗೆ ಕೈಯಲ್ಲಿ ಉಳಿಯುವುದು 366. ಅದು 365ಕ್ಕಿಂತ ಹೆಚ್ಚು, ಆದ್ದರಿಂದ ಲೂಪ್ ಒಳಗೆ ಹೋಗಬೇಕು. 2008 ಅಧಿಕ ವರ್ಷ, ಸರಿ. ದಿನಗಳು 366ಕ್ಕಿಂತ ಹೆಚ್ಚಿವೆಯೇ? ಇಲ್ಲ, ಸರಿಯಾಗಿ 366 ಇವೆ. ಹಾಗಾಗಿ ಏನನ್ನೂ ಕಳೆಯುವಂತಿಲ್ಲ. ಮತ್ತೆ ಲೂಪ್‌ನ ಮೊದಲಿಗೆ ಬಂದರೆ ಅದೇ 366, ಅದೇ ಪ್ರಶ್ನೆ, ಅದೇ ಉತ್ತರ. ಯಂತ್ರ ಅಲ್ಲೇ ಗಿರಕಿ ಹೊಡೆಯುತ್ತದೆ. ಝೂನ್ ಮಾರುಕಟ್ಟೆಗೆ ಬಂದದ್ದು 2006ರ ನವೆಂಬರಿನಲ್ಲಿ. ಅಲ್ಲಿಂದಾಚೆಗೆ ಅದು ಕಂಡ ಮೊದಲ ಅಧಿಕ ವರ್ಷದ ಕೊನೆಯ ದಿನ 2008ರ ಡಿಸೆಂಬರ್ 31. ತಪ್ಪು ಎರಡು ವರ್ಷ ಬೆಚ್ಚಗೆ ಕೂತಿದ್ದು ತನ್ನ ದಿನ ಬಂದಾಗ ಎದ್ದಿತು.

ಈ ನಾಲ್ಕಾರು ಸಾಲಿನ ಕೋಡ್ ಅನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಸ್ವಚ್ಛವಾಗಿ, ಓದಲು ಬರುವಂತೆ ಕೋಡ್ ಬರೆಯುವುದು ಒಂದು ವಿದ್ಯೆ, ಯೂನಿಟ್ ಟೆಸ್ಟ್ ಬರೆಯುವುದು ಇನ್ನೊಂದು ವಿದ್ಯೆ ಎಂದು ಕಲಿಯುವವರು ಸಾಮಾನ್ಯವಾಗಿ ತಿಳಿಯುತ್ತಾರೆ. ಮೊದಲನೆಯದು ಶಿಸ್ತಿನ ವಿಷಯ, ಎರಡನೆಯದು ಸಮಯ ಉಳಿದರೆ ಮಾಡುವ ಕೆಲಸ ಎಂಬ ಭಾವನೆಯೂ ಇದೆ. ನಿಜವಾಗಿ ಇವೆರಡೂ ಒಂದೇ ವಿದ್ಯೆ. ಒಂದು ದೊಡ್ಡ ಲೆಕ್ಕವನ್ನು ಹೆಸರಿಡಬಹುದಾದ ಸಣ್ಣ ತುಂಡುಗಳಾಗಿ ಬಿಡಿಸುವುದು ಆ ವಿದ್ಯೆ. ಹಾಗೆ ಬಿಡಿಸಿದ ತುಂಡನ್ನು ಮನುಷ್ಯ ಓದಬಲ್ಲ, ಯಂತ್ರ ಪರೀಕ್ಷಿಸಬಲ್ಲದು. ಬಿಡಿಸದೆ ಇಟ್ಟರೆ ಎರಡೂ ಆಗುವುದಿಲ್ಲ.

ಒಂದು ಹೆಸರು ಕೊಟ್ಟರೆ ಏನಾಗುತ್ತದೆ?

ಝೂನ್‌ನ ಆ ಫಂಕ್ಷನ್ನಿಗೇ ಮರಳಿ ಬರೋಣ. ಅದರಲ್ಲಿ 365 ಮತ್ತು 366 ಎಂಬ ಎರಡು ಸಂಖ್ಯೆಗಳು ಎರಡೆರಡು ಕಡೆ ಬಿಡಿಬಿಡಿಯಾಗಿ ಬಂದಿವೆ. ‘ಈ ವರ್ಷದಲ್ಲಿ ಎಷ್ಟು ದಿನ?’ ಎಂಬ ಒಂದೇ ಪ್ರಶ್ನೆಯ ಉತ್ತರ ಹೀಗೆ ಹರಿದು ಹಂಚಿಹೋಗಿದೆ. ಲೂಪ್‌ನ ಬಾಗಿಲಲ್ಲಿ 365 ಎಂದು ಒಂದು ಉತ್ತರ, ಒಳಗೆ 366 ಎಂದು ಇನ್ನೊಂದು. ಇವೆರಡೂ ಒಪ್ಪದ ದಿನವೇ ಯಂತ್ರ ನಿಂತದ್ದು.

ಆ ಪ್ರಶ್ನೆಯನ್ನೇ ಒಂದು ಪ್ರತ್ಯೇಕ ಫಂಕ್ಷನ್ ಮಾಡಿ ಅದಕ್ಕೆ ‘ವರ್ಷದ ದಿನಗಳು’ ಎಂದು ಹೆಸರಿಡಿ. ವರ್ಷ ಕೊಟ್ಟರೆ ಅದು 365 ಅಥವಾ 366 ಎಂದು ಉತ್ತರಿಸಬೇಕು, ಅಷ್ಟೇ ಅದರ ಕೆಲಸ. ಈಗ ಲೂಪ್ ಹೀಗಾಗುತ್ತದೆ: ದಿನಗಳ ಸಂಖ್ಯೆ ಈ ವರ್ಷದ ದಿನಗಳಿಗಿಂತ ಹೆಚ್ಚಿರುವ ತನಕ, ಈ ವರ್ಷದ ದಿನಗಳನ್ನು ಕಳೆ, ವರ್ಷಕ್ಕೆ 1 ಕೂಡು. ಮೂರು ಸಾಲಿನ ಕವಲುಗಳು ಒಂದು ಸಾಲಿಗೆ ಇಳಿದವು. ಬಾಯಿಬಿಟ್ಟು ಓದಿದರೆ ಲೆಕ್ಕ ಗೊತ್ತಿರುವ ಯಾರಿಗಾದರೂ ಅರ್ಥವಾಗುತ್ತದೆ. 2008ರ 366ನೇ ದಿನ ಕೊಟ್ಟರೆ, 366 ಎಂಬುದು 366ಕ್ಕಿಂತ ಹೆಚ್ಚಲ್ಲವಾದ್ದರಿಂದ ಲೂಪ್ ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಬಗ್ ಅನ್ನು ಯಾರೂ ಹುಡುಕಿ ತೆಗೆಯಲಿಲ್ಲ. ಕೋಡ್ ಓದಲು ಬರುವಂತೆ ಬರೆದಾಗ ಅದು ಇರಲು ಜಾಗವೇ ಉಳಿಯಲಿಲ್ಲ.

ಓದಲು ಬರುವ ಕೋಡ್ ಎಂದರೆ ಅಂದಚಂದದ ಮಾತು ಎಂದು ತಿಳಿಯುವವರಿಗೆ ಇದು ಉತ್ತರ. 2014ರ ಫೆಬ್ರವರಿ 21ರಂದು ಆಪಲ್ ಕಂಪನಿ ಐಫೋನ್‌ಗಳಿಗೆ ತುರ್ತಾಗಿ ಹೊರಡಿಸಿದ 7.0.6 ಆವೃತ್ತಿಯ ಹಿಂದಿನ ಕಥೆಯೂ ಇದನ್ನೇ ಹೇಳುತ್ತದೆ. ಸುರಕ್ಷಿತ ವೆಬ್‌ಸೈಟ್ ಒಂದಕ್ಕೆ ಫೋನ್ ಸಂಪರ್ಕ ಬೆಳೆಸುವಾಗ ಎದುರಿಗಿರುವುದು ನಿಜವಾದ ಸರ್ವರೇ ಎಂದು ಸಹಿ ಪರಿಶೀಲಿಸುವ ಫಂಕ್ಷನ್ ಇತ್ತು. ಪ್ರತಿ ಹಂತದಲ್ಲೂ ‘ತಪ್ಪು ಬಂದರೆ ವಿಫಲ ಎಂಬಲ್ಲಿಗೆ ಹೋಗು’ ಎಂದು ಬರೆಯಲಾಗಿತ್ತು. ಒಂದು ಕಡೆ ‘ವಿಫಲ ಎಂಬಲ್ಲಿಗೆ ಹೋಗು’ ಎಂಬ ಸಾಲು ಕಣ್ತಪ್ಪಿ ಎರಡು ಬಾರಿ ಬಂತು. ಮೊದಲನೆಯದು ಷರತ್ತಿಗೆ ಸೇರಿದ್ದು. ಎರಡನೆಯದಕ್ಕೆ ಷರತ್ತೇ ಇಲ್ಲ, ಆದರೂ ಮೊದಲಿನದರ ಕೆಳಗೆ ಅಷ್ಟೇ ಅಂಚು ಬಿಟ್ಟು ಕೂತಿದ್ದರಿಂದ ಓದುವ ಕಣ್ಣಿಗೆ ಷರತ್ತಿನೊಳಗಿದ್ದಂತೆ ಕಾಣುತ್ತಿತ್ತು. ಯಂತ್ರ ಮಾತ್ರ ಪ್ರತಿ ಸಲವೂ ಅಲ್ಲಿಂದ ನೇರ ಕೊನೆಗೆ ಜಿಗಿಯುತ್ತಿತ್ತು. ಸಹಿಯನ್ನು ನಿಜವಾಗಿ ತಾಳೆ ನೋಡುವ ಹಂತ ಅದರ ಕೆಳಗಿತ್ತು, ಅದು ನಡೆಯಲೇ ಇಲ್ಲ. ಅಲ್ಲಿಯ ತನಕ ಯಾವ ತಪ್ಪೂ ದಾಖಲಾಗಿರದ ಕಾರಣ ಫಂಕ್ಷನ್ ‘ಎಲ್ಲ ಸರಿ’ ಎಂದು ಉತ್ತರಿಸುತ್ತಿತ್ತು. ಅದೇ ವೈಫೈನಲ್ಲಿ ಕೂತ ವಂಚಕ ಬ್ಯಾಂಕಿನ ಸೋಗು ಹಾಕಿದರೂ ಫೋನ್ ನಂಬುವ ಸ್ಥಿತಿ. ಮ್ಯಾಕ್ ಕಂಪ್ಯೂಟರ್‌ಗಳಿಗೆ ಪರಿಹಾರ ಬಂದದ್ದು ನಾಲ್ಕು ದಿನ ಕಳೆದ ಮೇಲೆ.

ಷರತ್ತಿನ ಸಾಲುಗಳನ್ನು ಯಾವಾಗಲೂ ಆವರಣದೊಳಗೆ ಬರೆಯುವ ಪದ್ಧತಿ ಇದ್ದಿದ್ದರೆ ಆ ಹೆಚ್ಚುವರಿ ಸಾಲಿನಿಂದ ಅಪಾಯ ಆಗುತ್ತಿರಲಿಲ್ಲ. ಒಂದೇ ಬಗೆಯ ಹಂತಗಳನ್ನು ಮತ್ತೆ ಮತ್ತೆ ನಕಲಿಸುವ ಬದಲು ಒಂದು ಹೆಸರಿನಡಿ ಸೇರಿಸಿದ್ದರೆ ಕಣ್ಣು ತಪ್ಪುವ ಸಂದರ್ಭವೇ ಕಡಿಮೆಯಾಗುತ್ತಿತ್ತು. ಅಷ್ಟಲ್ಲದೆ, ಬೇಕೆಂದೇ ತಪ್ಪು ಸಹಿ ಕೊಟ್ಟು ಇದನ್ನು ತಿರಸ್ಕರಿಸುತ್ತದೆಯೇ ಎಂದು ಕೇಳುವ ಒಂದು ಟೆಸ್ಟ್ ಇದ್ದಿದ್ದರೆ ಬಗ್ ಆಪಲ್‌ನ ಕಟ್ಟಡ ದಾಟುತ್ತಿರಲಿಲ್ಲ.

ಸ್ವಚ್ಛ ಕೋಡಿನ ನಿಯಮಗಳೆಂದು ಹೇಳುವ ಮಾತುಗಳು ಹೆಚ್ಚೇನಿಲ್ಲ. ಹೆಸರು ಅರ್ಥ ಹೇಳಬೇಕು: ‘ಡಿ2’ ಎಂದರೆ ಬರೆದವನಿಗೂ ಆರು ತಿಂಗಳ ಮೇಲೆ ತಿಳಿಯದು, ‘ಕೊನೆಯ ಕಂತಿನ ದಿನಾಂಕ’ ಎಂದರೆ ಎಂದಿಗೂ ತಿಳಿಯುತ್ತದೆ. ಒಂದು ಫಂಕ್ಷನ್ ಒಂದು ಕೆಲಸ ಮಾಡಬೇಕು, ಅದರ ಕೆಲಸ ಹೇಳುವಾಗ ನಡುವೆ ‘ಮತ್ತು’ ಬಂದರೆ ಅದನ್ನು ಒಡೆಯುವ ಕಾಲ ಬಂದಿದೆ ಎಂದರ್ಥ. ಕೋಡಿನ ನಡುವೆ 86400 ಎಂದು ಬರೆದರೆ ಓದುವವರು ಕೈಯಲ್ಲಿ ಗುಣಾಕಾರ ಮಾಡಬೇಕು, ‘ದಿನದ ಸೆಕೆಂಡುಗಳು’ ಎಂದು ಹೆಸರಿಟ್ಟರೆ ಬೇಕಾಗಿಲ್ಲ. ಕೋಡ್ ಏನು ಮಾಡುತ್ತದೆ ಎಂದು ಕಾಮೆಂಟಿನಲ್ಲಿ ಮತ್ತೆ ಹೇಳುವುದು ವ್ಯರ್ಥ, ಹೀಗೇ ಏಕೆ ಮಾಡಲಾಗಿದೆ ಎಂದು ಹೇಳುವ ಕಾಮೆಂಟ್ ಅಮೂಲ್ಯ. ಸಾಲಿನ ಅಂಚು, ಖಾಲಿ ಜಾಗ ಇತ್ಯಾದಿಗಳ ಬಗ್ಗೆ ತಂಡದಲ್ಲಿ ವಾದ ಬೇಡ. ಪೈಥಾನ್ ಭಾಷೆಗೆ 2001ರಿಂದಲೂ ಪೆಪ್ 8 ಎಂಬ ಶೈಲಿ ಕೈಪಿಡಿ ಇದೆ, ಹೆಚ್ಚಿನ ಭಾಷೆಗಳಿಗೆ ತಾನೇ ತಾನಾಗಿ ಜೋಡಿಸಿಕೊಡುವ ಸಾಧನಗಳಿವೆ. ಅವಕ್ಕೆ ಒಪ್ಪಿಸಿಬಿಡಿ. ಬ್ರಯಾನ್ ಕರ್ನಿಹಾನ್ ಮತ್ತು ಪಿ.ಜೆ. ಪ್ಲಾಗರ್ ಪ್ರೋಗ್ರಾಂ ಬರೆಯುವ ಶೈಲಿಯ ಬಗ್ಗೆ ಪುಸ್ತಕ ಬರೆದದ್ದು 1974ರಲ್ಲಿ. ಐವತ್ತು ವರ್ಷಗಳಲ್ಲಿ ಭಾಷೆಗಳು ಬದಲಾದವು, ಈ ಸಲಹೆಗಳು ಬಹುಮಟ್ಟಿಗೆ ಹಾಗೇ ಇವೆ. ಏಕೆಂದರೆ ಓದುವವನು ಅಂದೂ ಮನುಷ್ಯನೇ, ಇಂದೂ ಮನುಷ್ಯನೇ.

ಯೂನಿಟ್ ಟೆಸ್ಟ್ ಅಂದರೆ ಇಷ್ಟೇ

ಪ್ರೋಗ್ರಾಂ ಬರೆದ ಮೇಲೆ ಎಲ್ಲರೂ ಪರೀಕ್ಷೆ ಮಾಡುತ್ತಾರೆ. ಒಮ್ಮೆ ನಡೆಸಿ, ಒಂದೆರಡು ಸಂಖ್ಯೆ ಹಾಕಿ, ಪರದೆಯ ಮೇಲೆ ಸರಿಯಾದ ಉತ್ತರ ಬಂದದ್ದನ್ನು ನೋಡಿ ಸಮಾಧಾನಪಡುತ್ತಾರೆ. ಆ ಪರೀಕ್ಷೆ ಅಲ್ಲಿಗೆ ಮುಗಿದುಹೋಗುತ್ತದೆ. ನಾಳೆ ಇನ್ನೊಬ್ಬರು ಕೋಡ್ ತಿದ್ದಿದಾಗ ಅದನ್ನು ಮತ್ತೆ ಮಾಡುವವರು ಯಾರು? ಆ ಪರೀಕ್ಷೆಯನ್ನೇ ಕೋಡ್ ಆಗಿ ಬರೆದಿಟ್ಟರೆ ಅದು ಯೂನಿಟ್ ಟೆಸ್ಟ್. ಒಂದು ಸಣ್ಣ ತುಂಡಿಗೆ ಗೊತ್ತಿರುವ ಇನ್‌ಪುಟ್ ಕೊಡುವುದು, ಬರಬೇಕಾದ ಉತ್ತರವನ್ನು ಮೊದಲೇ ಬರೆದಿಡುವುದು, ಬಂದ ಉತ್ತರವನ್ನು ಅದರೊಂದಿಗೆ ಯಂತ್ರವೇ ತಾಳೆ ನೋಡುವಂತೆ ಮಾಡುವುದು. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು.

ಈ ಪದ್ಧತಿಗೆ ಈಗಿನ ರೂಪ ಕೊಟ್ಟವರಲ್ಲಿ ಕೆಂಟ್ ಬೆಕ್ ಮುಖ್ಯರು. ಸ್ಮಾಲ್‌ಟಾಕ್ ಭಾಷೆಗಾಗಿ ಅವರು ಎಸ್‌ಯೂನಿಟ್ ಎಂಬ ಚಿಕ್ಕ ಚೌಕಟ್ಟು ರೂಪಿಸಿದರು. 1997ರಲ್ಲಿ ಅಟ್ಲಾಂಟಾದ ಓಪ್ಸ್ಲಾ ಸಮ್ಮೇಳನಕ್ಕೆಂದು ಜ್ಯೂರಿಚ್‌ನಿಂದ ಹೊರಟ ವಿಮಾನದಲ್ಲಿ ಬೆಕ್ ಮತ್ತು ಎರಿಕ್ ಗಾಮಾ ಅಕ್ಕಪಕ್ಕ ಕೂತು ಜಾವಾ ಭಾಷೆಗೆ ಅದೇ ಬಗೆಯದನ್ನು ಬರೆದರು. ಅದೇ ಜೆಯೂನಿಟ್. ಆ ಮಾದರಿಯನ್ನು ಅನುಸರಿಸಿ ಬೇರೆ ಬೇರೆ ಭಾಷೆಗಳಿಗೆ ಚೌಕಟ್ಟುಗಳು ಹುಟ್ಟಿದವು. ಪೈಥಾನ್‌ನಲ್ಲಿ ಯೂನಿಟ್‌ಟೆಸ್ಟ್ ಎಂಬುದು 2001ರಿಂದ ಭಾಷೆಯೊಂದಿಗೇ ಬರುತ್ತದೆ. ಪೈಟೆಸ್ಟ್ ಇನ್ನೂ ಸರಳ. ಜಾವಾಸ್ಕ್ರಿಪ್ಟ್ ಬರೆಯುವವರಿಗೆ ಜೆಸ್ಟ್ ಇದೆ. ಯಾವುದನ್ನು ಆರಿಸಿದರೂ ಟೆಸ್ಟಿನ ಮೈಕಟ್ಟು ಒಂದೇ: ಬೇಕಾದ್ದನ್ನು ಸಿದ್ಧಪಡಿಸು, ಫಂಕ್ಷನ್ ನಡೆಸು, ಉತ್ತರ ತಾಳೆ ನೋಡು.

ಹೊಸದಾಗಿ ಆರಂಭಿಸುವವರು ಇಡೀ ಪ್ರಾಜೆಕ್ಟ್‌ಗೆ ಟೆಸ್ಟ್ ಬರೆಯಲು ಹೊರಟು ಮೊದಲ ವಾರವೇ ಸೋತು ಕೈಬಿಡುವುದುಂಟು. ಒಂದು ಫಂಕ್ಷನ್ ಸಾಕು. ಮೇಲಿನ ಉದಾಹರಣೆಯಲ್ಲೇ ಬೇಕಾಗುವ ‘ಅಧಿಕ ವರ್ಷವೇ?’ ಎಂಬ ಫಂಕ್ಷನ್ ಇಟ್ಟುಕೊಳ್ಳೋಣ. ವರ್ಷ ಕೊಟ್ಟರೆ ಹೌದು ಅಥವಾ ಇಲ್ಲ ಎನ್ನಬೇಕು. ನಾಲ್ಕರಿಂದ ಭಾಗವಾದರೆ ಅಧಿಕ ವರ್ಷ ಎಂಬುದು ಶಾಲೆಯಲ್ಲಿ ಕಲಿತ ನೆನಪು. 1582ರ ಗ್ರೆಗೋರಿಯನ್ ಸುಧಾರಣೆ ಇದಕ್ಕೆ ಎರಡು ತಿದ್ದುಪಡಿ ಹಾಕಿದೆ: ನೂರರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ, ಆದರೆ ನಾನ್ನೂರರಿಂದ ಭಾಗವಾದರೆ ಹೌದು. ಹಾಗಾದರೆ ನಮ್ಮ ಮೊದಲ ನಾಲ್ಕು ಟೆಸ್ಟ್‌ಗಳು ಇವು:

2023 ಸಾಮಾನ್ಯ ವರ್ಷ: ಉತ್ತರ ‘ಇಲ್ಲ’.
2024 ನಾಲ್ಕರಿಂದ ಭಾಗವಾಗುತ್ತದೆ: ಉತ್ತರ ‘ಹೌದು’.
1900 ನೂರರಿಂದ ಭಾಗವಾಗುತ್ತದೆ: ಉತ್ತರ ‘ಇಲ್ಲ’.
2000 ನಾನ್ನೂರರಿಂದ ಭಾಗವಾಗುತ್ತದೆ: ಉತ್ತರ ‘ಹೌದು’.

ಪ್ರತಿ ಟೆಸ್ಟಿಗೂ ಅದು ಏನು ನೋಡುತ್ತಿದೆ ಎಂದು ಹೇಳುವ ಹೆಸರು ಕೊಡಿ. ‘ಟೆಸ್ಟ್ 3’ ಎಂಬುದು ಕೆಂಪಾದರೆ ಏನೂ ತಿಳಿಯುವುದಿಲ್ಲ. ‘ನೂರರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ’ ಎಂಬ ಹೆಸರಿನದು ಕೆಂಪಾದರೆ ಎಲ್ಲಿ ನೋಡಬೇಕೆಂದು ಆ ಕ್ಷಣಕ್ಕೇ ಗೊತ್ತಾಗುತ್ತದೆ. ಈ ನಾಲ್ಕು ಸಾಲುಗಳನ್ನು ಓದಿದವರಿಗೆ ಫಂಕ್ಷನ್‌ನ ಒಳಗೆ ಇಣುಕದೆಯೇ ಅದರ ನಿಯಮ ಪೂರ್ತಿ ತಿಳಿದಂತಾಯಿತು. ಟೆಸ್ಟ್ ಹೀಗೆ ಕೋಡಿನ ವಿವರಣೆಯೂ ಆಗುತ್ತದೆ. ಕೈಪಿಡಿ ಹಳತಾದರೆ ಯಾರಿಗೂ ತಿಳಿಯದು, ಈ ವಿವರಣೆ ಹಳತಾದರೆ ತಾನೇ ಕೆಂಪಾಗಿ ಹೇಳುತ್ತದೆ.

ಎಲ್ಲಿ ಹಿಚುಕಿ ನೋಡಬೇಕು?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು, ಏಕೆಂದರೆ ಪಾತ್ರೆಯ ಅಗುಳುಗಳೆಲ್ಲ ಒಂದೇ ನೀರಿನಲ್ಲಿ ಬೆಂದವು. ಪ್ರೋಗ್ರಾಮಿಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಸಾವಿರ ಇನ್‌ಪುಟ್‌ಗಳು ಸರಿ ಇದ್ದು ಸಾವಿರದ ಒಂದನೆಯದು ಬೇರೆ ದಾರಿ ಹಿಡಿಯಬಹುದು. ಆ ಬೇರೆ ದಾರಿ ಹೆಚ್ಚಾಗಿ ಇರುವುದು ಅಂಚಿನಲ್ಲಿ: ಸೊನ್ನೆ, ಒಂದು, ಖಾಲಿ ಪಟ್ಟಿ, ತಿಂಗಳ ಕೊನೆಯ ದಿನ, ಮಿತಿಯ ಸಂಖ್ಯೆ, ಮಿತಿಗಿಂತ ಒಂದು ಕಡಿಮೆ, ಒಂದು ಹೆಚ್ಚು.

ಝೂನ್‌ನ ಫಂಕ್ಷನ್‌ಗೆ 366 ಎಂಬ ಸಂಖ್ಯೆಯನ್ನು ಕೊಟ್ಟಿದ್ದರೆ ಸಾಕಿತ್ತು. ಅದು ಎಣಿಕೆ ಆರಂಭಿಸುವ 1980 ತಾನೇ ಅಧಿಕ ವರ್ಷ. ಮೊದಲ ವರ್ಷದ ಕೊನೆಯ ದಿನದಲ್ಲೇ ಲೂಪ್ ಸಿಕ್ಕಿಹಾಕಿಕೊಂಡು ತಪ್ಪು ಬಯಲಾಗುತ್ತಿತ್ತು. ಇನ್ನೂ ಗಟ್ಟಿಯಾದ ಟೆಸ್ಟ್ ಬೇಕೆಂದರೆ, 1980ರಿಂದ 2099ರ ತನಕದ 43,830 ದಿನಗಳನ್ನೂ ಒಂದೊಂದಾಗಿ ಕೊಟ್ಟು, ಬಂದ ದಿನಾಂಕವನ್ನು ಭಾಷೆಯೊಂದಿಗೆ ಬರುವ ದಿನಾಂಕದ ಲೈಬ್ರರಿ ಕೊಡುವ ಉತ್ತರದೊಂದಿಗೆ ತಾಳೆ ನೋಡಬಹುದು. ಮನುಷ್ಯನಿಗೆ ಇದು ತಿಂಗಳುಗಳ ಕೆಲಸ. ಇಂದಿನ ಸಾಧಾರಣ ಲ್ಯಾಪ್‌ಟಾಪಿಗೆ ಹೆಚ್ಚೆಂದರೆ ಕೆಲವು ಕ್ಷಣ.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಟೆಸ್ಟ್‌ಗಳು ಕೋಡಿನ ಎಷ್ಟು ಸಾಲುಗಳನ್ನು ನಡೆಸಿದವು ಎಂದು ಅಳೆಯುವ ಕವರೇಜ್ ಎಂಬ ಲೆಕ್ಕವಿದೆ, ಕಂಪನಿಗಳು ಅದನ್ನು ಶೇಕಡಾವಾರು ಗುರಿಯಾಗಿ ಕೊಡುವುದೂ ಉಂಟು. ಝೂನ್‌ನ ಫಂಕ್ಷನ್‌ಗೆ 2009ರ ಜನವರಿ 1ನ್ನು ಕೊಟ್ಟು ಒಂದೇ ಟೆಸ್ಟ್ ಬರೆದಿದ್ದರೆ ಅದರ ಎಲ್ಲ ಸಾಲುಗಳೂ ನಡೆದು ಕವರೇಜ್ ನೂರಕ್ಕೆ ನೂರು ಆಗುತ್ತಿತ್ತು. ಅದರ ಹಿಂದಿನ ದಿನದ ಬಗ್ ಮಾತ್ರ ಹಾಗೇ ಉಳಿಯುತ್ತಿತ್ತು. ಮುಟ್ಟದ ಸಾಲು ಯಾವುದೆಂದು ಕವರೇಜ್ ತೋರಿಸಿಕೊಡುತ್ತದೆ, ಮುಟ್ಟಿದ ಸಾಲು ಸರಿ ಇದೆ ಎಂದು ಅದು ಹೇಳುವುದಿಲ್ಲ. ಪರೀಕ್ಷೆಯಿಂದ ದೋಷ ಇರುವುದನ್ನು ತೋರಿಸಬಹುದೇ ಹೊರತು ದೋಷವೇ ಇಲ್ಲವೆಂದು ಸಾಧಿಸಲಾಗದು ಎಂದು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅರ್ಧ ಶತಮಾನದ ಹಿಂದೆಯೇ ಎಚ್ಚರಿಸಿದ್ದರು. ಅದಕ್ಕೇ ಟೆಸ್ಟ್ ಬರೆದವರಿಗೂ ಕೋಡ್ ಓದುವ ಹೊಣೆ ತಪ್ಪುವುದಿಲ್ಲ.

ಗಡಿಯಾರವನ್ನು ಹೊರಗಿಡಿ

ಟೆಸ್ಟ್ ಬರೆಯಲು ಕೂತವರು ಬೇಗನೆ ಒಂದು ಗೋಡೆಗೆ ಹಾಯುತ್ತಾರೆ. ಫಂಕ್ಷನ್ ತನ್ನೊಳಗೇ ಕಂಪ್ಯೂಟರಿನ ಗಡಿಯಾರ ನೋಡುತ್ತದೆ, ಡೇಟಾಬೇಸ್‌ಗೆ ಹೋಗುತ್ತದೆ, ಇಂಟರ್‌ನೆಟ್‌ನಿಂದ ಏನನ್ನೋ ತರುತ್ತದೆ, ಉತ್ತರವನ್ನು ಪರದೆಗೆ ಬರೆಯುತ್ತದೆ. ಇದಕ್ಕೆ ಟೆಸ್ಟ್ ಬರೆಯುವುದು ಹೇಗೆ?

2012ರ ಫೆಬ್ರವರಿ 29ರ ಘಟನೆ ಇದಕ್ಕೆ ಒಳ್ಳೆಯ ಪಾಠ. ಅಂದು ಮೈಕ್ರೋಸಾಫ್ಟ್‌ನ ಅಝೂರ್ ಕ್ಲೌಡ್ ಸೇವೆ ದೊಡ್ಡ ಪ್ರಮಾಣದಲ್ಲಿ ಅಸ್ತವ್ಯಸ್ತವಾಯಿತು. ಕಂಪನಿಯೇ ಆಮೇಲೆ ಕಾರಣವನ್ನು ವಿವರವಾಗಿ ಪ್ರಕಟಿಸಿತು. ಹೊಸ ವರ್ಚುವಲ್ ಯಂತ್ರ ಶುರುವಾದಾಗ ಅದು ಒಂದು ವರ್ಷದ ಅವಧಿಯ ಪ್ರಮಾಣಪತ್ರ ಸೃಷ್ಟಿಸಬೇಕಿತ್ತು. ಅವಧಿ ಮುಗಿಯುವ ದಿನವನ್ನು ಕಂಡುಹಿಡಿಯಲು ಕೋಡ್ ಇಂದಿನ ದಿನಾಂಕದ ವರ್ಷಕ್ಕೆ ಒಂದು ಕೂಡಿಸಿತು. 2013ರ ಫೆಬ್ರವರಿ 29 ಎಂಬ ದಿನವೇ ಇಲ್ಲ. ಪ್ರಮಾಣಪತ್ರ ಹುಟ್ಟಲಿಲ್ಲ, ಯಂತ್ರ ಏಳಲಿಲ್ಲ. ಮೂರು ಸಲ ಪ್ರಯತ್ನಿಸಿದ ಮೇಲೆ ಹಾರ್ಡ್‌ವೇರ್ ಕೆಟ್ಟಿರಬೇಕು ಎಂದು ವ್ಯವಸ್ಥೆ ತಪ್ಪಾಗಿ ತೀರ್ಮಾನಿಸಿ, ಆ ಸರ್ವರಿನ ಕೆಲಸವನ್ನು ಬೇರೆಡೆಗೆ ಸಾಗಿಸಲು ಹೋಗಿ ಅಲ್ಲೂ ಅದೇ ವೈಫಲ್ಯವನ್ನು ಹರಡಿತು. ಗ್ರೀನಿಚ್ ಕಾಲಮಾನದ ನಡುರಾತ್ರಿ, ಅಂದರೆ ನಮ್ಮಲ್ಲಿ ಬೆಳಗಿನ ಐದೂವರೆಗೆ ಇದು ಶುರುವಾಯಿತು.

ಫಂಕ್ಷನ್ ತಾನೇ ಗಡಿಯಾರ ನೋಡುವಂತಿದ್ದರೆ ಇದನ್ನು ಪರೀಕ್ಷಿಸಲು ನಾಲ್ಕು ವರ್ಷಕ್ಕೊಮ್ಮೆ ಬರುವ ದಿನಕ್ಕೆ ಕಾಯಬೇಕು. ದಿನಾಂಕವನ್ನು ಹೊರಗಿನಿಂದ ಇನ್‌ಪುಟ್ ಆಗಿ ಪಡೆಯುವಂತೆ ಬರೆದರೆ ಯಾವ ದಿನವನ್ನಾದರೂ ಈಗಲೇ ಕೊಡಬಹುದು. ‘ಪ್ರಾರಂಭ ದಿನಾಂಕ ಕೊಡು, ಮುಕ್ತಾಯ ದಿನಾಂಕ ಹೇಳುತ್ತೇನೆ’ ಎನ್ನುವ ಸಣ್ಣ ಫಂಕ್ಷನ್ ಒಂದು, ಗಡಿಯಾರ ನೋಡಿ ಅದನ್ನು ಕರೆಯುವ ತೆಳ್ಳನೆಯ ಹೊರಪದರ ಇನ್ನೊಂದು. ಲೆಕ್ಕವೆಲ್ಲ ಮೊದಲನೆಯದರಲ್ಲಿದೆ, ಅದಕ್ಕೆ ಬೇಕಾದಷ್ಟು ಟೆಸ್ಟ್ ಬರೆಯಬಹುದು. ಡೇಟಾಬೇಸ್, ಇಂಟರ್‌ನೆಟ್, ಫೈಲ್ ಎಲ್ಲಕ್ಕೂ ಇದೇ ಕ್ರಮ: ತರುವ ಕೆಲಸ ಬೇರೆ, ಲೆಕ್ಕ ಹಾಕುವ ಕೆಲಸ ಬೇರೆ. ಟೆಸ್ಟಿಗಾಗಿ ಮಾಡಿದ ಈ ವಿಂಗಡಣೆಯಿಂದ ಕೋಡ್ ಓದುವುದೂ ಸುಲಭವಾಗುತ್ತದೆ, ಏಕೆಂದರೆ ಫಂಕ್ಷನ್‌ಗೆ ಏನೇನು ಬೇಕು ಎಂಬುದು ಅದರ ಮೊದಲ ಸಾಲಿನಲ್ಲೇ ಕಾಣುತ್ತದೆ. ಒಂದು ತುಂಡಿಗೆ ಟೆಸ್ಟ್ ಬರೆಯುವುದು ಕಷ್ಟವಾಗುತ್ತಿದ್ದರೆ ದೋಷ ಟೆಸ್ಟಿನದಲ್ಲ, ಆ ತುಂಡು ತೀರ ಹೆಚ್ಚು ಕೆಲಸ ಹೊತ್ತುಕೊಂಡಿದೆ.

ಟೆಸ್ಟ್ ಕೇಳುವ ಪ್ರಶ್ನೆಗಳು

ಟೆಸ್ಟ್ ಬರೆಯಲು ಕೂತಾಗ ಬರಬೇಕಾದ ಉತ್ತರ ಮೊದಲೇ ಗೊತ್ತಿರಬೇಕು. ಆಗ ಎಷ್ಟೋ ಕಡೆ ಉತ್ತರ ಯಾರೂ ನಿರ್ಧರಿಸಿಲ್ಲ ಎಂಬುದು ಬಯಲಾಗುತ್ತದೆ. 2008ರ ಫೆಬ್ರವರಿ 29ರಂದು ಹುಟ್ಟಿದ ಮಗುವಿಗೆ ಹದಿನೆಂಟು ತುಂಬುವುದು ಯಾವ ದಿನ? 2026ರಲ್ಲಿ ಫೆಬ್ರವರಿ 29 ಇಲ್ಲ. ಅಧಿಕ ವರ್ಷಕ್ಕೆ ಹದಿನೆಂಟು ಕೂಡಿಸಿದರೆ ಎಂದೂ ಅಧಿಕ ವರ್ಷ ಬರುವುದಿಲ್ಲ, ಹಾಗಾಗಿ ಆ ದಿನ ಹುಟ್ಟಿದ ಪ್ರತಿಯೊಬ್ಬರಿಗೂ ಈ ಪ್ರಶ್ನೆ ಇದ್ದೇ ಇದೆ. ಫೆಬ್ರವರಿ 28 ಎನ್ನಬೇಕೋ ಮಾರ್ಚ್ 1 ಎನ್ನಬೇಕೋ? ಜನವರಿ 31ಕ್ಕೆ ಸಾಲ ಪಡೆದವರ ಒಂದು ತಿಂಗಳ ನಂತರದ ಕಂತು ಯಾವ ದಿನಕ್ಕೆ?

ಪ್ರೋಗ್ರಾಮರ್ ಇದನ್ನು ತನ್ನ ಮನಸ್ಸಿಗೆ ಬಂದಂತೆ ತೀರ್ಮಾನಿಸಬಾರದು. ನಿಯಮ ಬಲ್ಲವರನ್ನು ಕೇಳಿ, ಅವರು ಹೇಳಿದ ಉತ್ತರವನ್ನು ಟೆಸ್ಟ್ ಆಗಿ ಬರೆದಿಡಬೇಕು. ಟೆಸ್ಟ್ ಇಲ್ಲದಿದ್ದರೆ ಈ ತೀರ್ಮಾನವನ್ನು ಕೋಡ್ ಸದ್ದಿಲ್ಲದೆ ತೆಗೆದುಕೊಳ್ಳುತ್ತದೆ, ಅದರ ಫಲ ಯಾವುದೋ ಊರಿನ ಕಚೇರಿಯ ಕೌಂಟರಿನಲ್ಲಿ ‘ಕಂಪ್ಯೂಟರ್ ಒಪ್ಪುತ್ತಿಲ್ಲ’ ಎಂಬ ಮಾತಿನ ರೂಪದಲ್ಲಿ ಒಬ್ಬ ಮನುಷ್ಯನನ್ನು ಮುಟ್ಟುತ್ತದೆ. ಸಾಲಿನಲ್ಲಿ ನಿಂತವರಿಗೆ ಕೋಡ್ ಓದಲು ಬರುವುದಿಲ್ಲ. ಅವರ ಪರವಾಗಿ ಓದಬೇಕಾದವರು ನಾವು.

ಹಳೆಯ ಕೋಡ್ ಕೈಗೆ ಬಂದಾಗ

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕೆಲಸಕ್ಕೆ ಸೇರುವ ಎಷ್ಟೋ ಹುಡುಗ ಹುಡುಗಿಯರಿಗೆ ಮೊದಲ ದಿನ ಸಿಗುವುದು ಖಾಲಿ ಫೈಲ್ ಅಲ್ಲ. ಬೇರೆ ಯಾರೋ ಬರೆದು, ಮತ್ತೊಬ್ಬರು ತಿದ್ದಿ, ಅವರೆಲ್ಲ ಕೆಲಸ ಬಿಟ್ಟು ಹೋದ ಮೇಲೂ ನಡೆಯುತ್ತಿರುವ ಕೋಡ್. ಅದಕ್ಕೆ ಟೆಸ್ಟ್ ಇರುವುದಿಲ್ಲ, ಹೆಸರುಗಳು ಅರ್ಥವಾಗುವುದಿಲ್ಲ, ಮುಟ್ಟಲು ಭಯ. ಟೆಸ್ಟ್ ಇಲ್ಲದ ಕೋಡ್ ಅನ್ನೇ ಪರಂಪರಾಗತ ಕೋಡ್ ಎಂದು ಕರೆದ ಮೈಕೆಲ್ ಫೆದರ್ಸ್, ಅದನ್ನು ಸುಧಾರಿಸುವ ಬಗ್ಗೆ 2004ರಲ್ಲಿ ಇಡೀ ಪುಸ್ತಕ ಬರೆದರು. ಅವರ ದಾರಿ ನಿಧಾನವಾದದ್ದು, ಆದರೆ ಭದ್ರವಾದದ್ದು. ತಿದ್ದುವ ಮೊದಲು ಆ ಕೋಡ್ ಈಗ ಏನು ಮಾಡುತ್ತಿದೆಯೋ ಅದನ್ನು, ಸರಿಯೋ ತಪ್ಪೋ ಎಂದು ನೋಡದೆ, ಟೆಸ್ಟ್‌ಗಳಲ್ಲಿ ಹಿಡಿದಿಡಿ. ಆಮೇಲೆ ಒಂದು ಹೆಸರು ಬದಲಿಸಿ, ಟೆಸ್ಟ್ ನಡೆಸಿ. ಒಂದು ತುಂಡು ಬಿಡಿಸಿ, ಮತ್ತೆ ನಡೆಸಿ. ಕೆಂಪಾದರೆ ಹಿಂದಿನ ಹೆಜ್ಜೆಗೆ ಮರಳಿ. ಮಾರ್ಟಿನ್ ಫೌಲರ್ 1999ರ ತಮ್ಮ ಪುಸ್ತಕದಲ್ಲಿ ಜನಪ್ರಿಯಗೊಳಿಸಿದ ರಿಫ್ಯಾಕ್ಟರಿಂಗ್ ಎಂದರೆ ಇದೇ: ನಡವಳಿಕೆ ಬದಲಾಗದಂತೆ ಒಳರಚನೆಯನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ತಿದ್ದುವುದು.

ಬಗ್ ವರದಿಯಾದಾಗಲೂ ಕ್ರಮ ಒಂದೇ. ಮೊದಲು ಆ ಬಗ್ ಅನ್ನು ತೋರಿಸುವ, ಕೆಂಪಾಗುವ ಟೆಸ್ಟ್ ಬರೆಯಿರಿ. ಆಮೇಲೆ ಕೋಡ್ ತಿದ್ದಿ ಅದನ್ನು ಹಸಿರು ಮಾಡಿ. ಆ ಟೆಸ್ಟ್ ಅಲ್ಲೇ ಉಳಿದರೆ ಅದೇ ಬಗ್ ಮುಂದಿನ ವರ್ಷ ಸದ್ದಿಲ್ಲದೆ ಮರಳಿ ಬರಲಾರದು. ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಕೇಳುವವರಿದ್ದಾರೆ. ರಿಲೀಸ್ ಹತ್ತಿರ ಬಂದಾಗ ಆ ಒತ್ತಡ ನಿಜ. ಆದರೆ ಟೆಸ್ಟ್ ಬರೆಯದೆ ಉಳಿಸಿದ ಗಂಟೆ ಎಲ್ಲೂ ಉಳಿಯುವುದಿಲ್ಲ. ಅದು ಡೀಬಗ್ಗಿಂಗ್‌ನಲ್ಲಿ, ನಡುರಾತ್ರಿಯ ಫೋನ್ ಕರೆಯಲ್ಲಿ, ಗ್ರಾಹಕರಿಗೆ ಬರೆಯುವ ಕ್ಷಮಾಪಣೆಯಲ್ಲಿ ಖರ್ಚಾಗುತ್ತದೆ. ಈಗಂತೂ ಕೃತಕ ಬುದ್ಧಿಮತ್ತೆಯ ಸಾಧನಗಳು ಕೇಳಿದ ಕ್ಷಣಕ್ಕೆ ಪುಟಗಟ್ಟಲೆ ಕೋಡ್ ಬರೆದುಕೊಡುತ್ತವೆ. ಬರೆಯುವ ಶ್ರಮ ಕಡಿಮೆಯಾದಷ್ಟೂ ಓದಿ ಒಪ್ಪುವ ಹೊಣೆ ಹೆಚ್ಚುತ್ತದೆ. ಯಂತ್ರ ಬರೆದ ಕೋಡ್ ಅಂಚಿನ ದಿನಾಂಕವನ್ನು ಸರಿಯಾಗಿ ನಿಭಾಯಿಸುತ್ತದೆಯೇ ಎಂದು ಕೇಳಬೇಕಾದವರು ಅದನ್ನು ಬಳಸಲು ಹೊರಟವರೇ.

ಕಾಲೇಜಿನಿಂದಲೇ ಶುರುವಾಗಲಿ

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಪ್ರೋಗ್ರಾಂ ನಡೆಸಿ, ಔಟ್‌ಪುಟ್ ತೋರಿಸಿ, ರೆಕಾರ್ಡ್ ಪುಸ್ತಕದಲ್ಲಿ ಬರೆದು ಮೇಷ್ಟರ ಸಹಿ ಹಾಕಿಸಿಕೊಳ್ಳುವ ರೂಢಿ ಇದೆ. ಒಂದು ಇನ್‌ಪುಟ್‌ಗೆ ಸರಿಯಾದ ಔಟ್‌ಪುಟ್ ಬಂದರೆ ಪ್ರೋಗ್ರಾಂ ಮುಗಿಯಿತು ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬೇರೂರುವುದು ಇಲ್ಲೇ. ಪಠ್ಯಕ್ರಮ ಬದಲಾಗುವ ತನಕ ಕಾಯದೆ ಅಧ್ಯಾಪಕರು ಎರಡು ಸಣ್ಣ ಬದಲಾವಣೆ ತರಬಹುದು. ಮೊದಲನೆಯದು, ಔಟ್‌ಪುಟ್ ಬರೆಯುವ ಪುಟದ ಎದುರಿಗೆ ಈ ಪ್ರೋಗ್ರಾಂ ಮುರಿಯಬಹುದಾದ ಮೂರು ಇನ್‌ಪುಟ್‌ಗಳನ್ನೂ ಅವುಗಳಿಗೆ ಬರಬೇಕಾದ ಉತ್ತರಗಳನ್ನೂ ವಿದ್ಯಾರ್ಥಿಯಿಂದಲೇ ಬರೆಸುವುದು, ಸಾಧ್ಯವಾದರೆ ಅವನ್ನು ಟೆಸ್ಟ್‌ಗಳಾಗಿ ನಡೆಸಿ ತೋರಿಸಲು ಹೇಳುವುದು. ಎರಡನೆಯದು, ವೈವಾ ಪರೀಕ್ಷೆಯಲ್ಲಿ ವಿದ್ಯಾರ್ಥಿಗೆ ತನ್ನ ಪ್ರೋಗ್ರಾಂ ಬದಲು ಪಕ್ಕದವರ ಪ್ರೋಗ್ರಾಂ ಕೊಟ್ಟು ಅದು ಏನು ಮಾಡುತ್ತದೆಂದು ವಿವರಿಸಲು ಕೇಳುವುದು. ಓದಿದವರಿಗೆ ಅರ್ಥವಾಗದಿದ್ದರೆ ಬರೆದವರ ಅಂಕ ಕಡಿಮೆಯಾಗಲಿ.

ಎರಡಕ್ಕೂ ಹೊಸ ಕಂಪ್ಯೂಟರ್ ಬೇಡ, ಹಣ ಬೇಡ, ಯಾರ ಅನುಮತಿಯೂ ಬೇಡ. ಹೀಗೆ ಕಲಿತವರು ಕೆಲಸಕ್ಕೆ ಸೇರಿದ ದಿನ ‘ಇದು ನಡೆಯುತ್ತದೆಯೇ?’ ಎಂದು ಕೇಳಿ ಸುಮ್ಮನಾಗುವುದಿಲ್ಲ. ‘ಇದು ಯಾವಾಗ ನಡೆಯುವುದಿಲ್ಲ, ಅದು ನನಗೆ ಹೇಗೆ ಗೊತ್ತಾಗುತ್ತದೆ, ನನ್ನ ನಂತರ ಬರುವವರಿಗೆ ಹೇಗೆ ಗೊತ್ತಾಗುತ್ತದೆ?’ ಎಂದು ಕೇಳುತ್ತಾರೆ. ಬ್ಯಾಂಕು, ಆಸ್ಪತ್ರೆ, ಪಡಿತರ, ಪಿಂಚಣಿ ಎಲ್ಲವೂ ಕೋಡಿನ ಮೇಲೆ ನಿಂತಿರುವ ಈ ಕಾಲದಲ್ಲಿ ಈ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವೇ ಪ್ರೋಗ್ರಾಮರ್ ಆದವರು ಸಮಾಜಕ್ಕೆ ಸಲ್ಲಿಸಬೇಕಾದ ಮೊದಲ ಕರ್ತವ್ಯ.